ಲೂರ್ದಕ್ಕನ ಮನೆಯ ಕಲ್ಕಲ

ಹೊಳೆನರಸೀಪುರದ ನಿವೃತ್ತ ಮೇಷ್ಟ್ರು ಪಟ್ಟಾಭಿರಾಮಯ್ಯನವರಿಗೆ ಸೌಹಾರ್ದದ ಮೇಲೆ ಭಾಷಣ ಮಾಡಲು ಅರಕಲಗೂಡಿನಿಂದ ಬಾಗೂರಿನವರೆಗೂ ಕರೆ ಬರುತ್ತಿತ್ತು. ಎಲ್ಲಿ ಹೋದರೂ ಒಂದೇ ಉದಾಹರಣೆ: “ಪಕ್ಕದ ಮನೆಯ ನರ್ಸ್ ಲೂರ್ದಕ್ಕ ಪ್ರತಿ ಕ್ರಿಸ್‌ಮಸ್ಸಿಗೂ ನಮಗೆ ತಿಂಡಿಯ ತಟ್ಟೆ ಕಳಿಸುತ್ತಾರೆ!” ಚಪ್ಪಾಳೆ ಬೀಳುತ್ತಿತ್ತು. ಮುಂಬಾಗಿಲಿನಿಂದ ಬಂದ ಆ ತಟ್ಟೆ ನಡುಮನೆಯಲ್ಲಿ ಕೂರದೆ, ನೇರ ಹಿತ್ತಲ ಬಾಗಿಲಿನಿಂದ ಕೆಲಸದ ಸುಬ್ಬಮ್ಮನ ಮಡಿಲು ಸೇರುತ್ತಿತ್ತು ಎಂಬುದನ್ನು ಮಾತ್ರ ಅವರು ಯಾವ ವೇದಿಕೆಯಲ್ಲೂ ಹೇಳಿದವರಲ್ಲ.

ಮೂವತ್ತು ವರ್ಷ ಹೀಗೇ ನಡೆಯಿತು. ಕಳೆದ ಡಿಸೆಂಬರಿನಲ್ಲಿ ಸುಬ್ಬಮ್ಮ ಮೊಮ್ಮಗುವಿನ ನಾಮಕರಣಕ್ಕೆ ಹಳ್ಳಿಮೈಸೂರಿಗೆ ಹೋಗಿದ್ದಳು. ಹೆಂಡತಿ ವೇದವತಿ ಹಾಸನದ ತಂಗಿಯ ಮನೆಗೆ. ತಟ್ಟೆಯೂ ಮೇಷ್ಟ್ರೂ ಇಬ್ಬರೇ ಉಳಿದರು. ಬಟ್ಟೆ ಸರಿಸಿದರೆ ಸಕ್ಕರೆ ಪಾಕದಲ್ಲಿ ಹೊರಳಿಸಿದ ಕಲ್ಕಲ. ಕೆಟ್ಟಿದೆಯೋ ಏನೋ ಪರೀಕ್ಷಿಸೋಣವೆಂದು ಒಂದನ್ನು ಬಾಯಿಗೆ ಹಾಕಿಕೊಂಡರು.

ಅಷ್ಟೇ. ಎಂಟು ವರ್ಷದ ಪಟ್ಟಾಭಿ ಲೂರ್ದಕ್ಕನ ಅವ್ವನ ಒಲೆಯ ಮುಂದೆ ಕೂತಿದ್ದ. ಹೊಸ ಬಾಚಣಿಗೆಯ ಮೇಲೆ ಹಿಟ್ಟು ಒತ್ತಿ ಸುರುಳಿ ಸುತ್ತಿದರೆ ಗೆರೆಗೆರೆಯ ಪುಟ್ಟ ಶಂಖದಂಥ ಕಲ್ಕಲ. ಎಣ್ಣೆಯಲ್ಲಿ ಮೊದಲು ತೇಲಿದ್ದು ತನ್ನದೇ ಎಂದು ಕುಣಿಯುತ್ತಿದ್ದ. ಉಪನಯನವಾದ ಮೇಲೆ ಆ ಒಲೆಯ ಹತ್ತಿರ ಸುಳಿದಿರಲಿಲ್ಲ.

ತಟ್ಟೆ ಖಾಲಿಯಾದದ್ದು ಮೇಷ್ಟ್ರಿಗೆ ಗೊತ್ತೇ ಆಗಲಿಲ್ಲ.

ಮರುದಿನ, ಬರಿ ತಟ್ಟೆ ಕೊಡಬಾರದೆಂದು ಒಂದಿಷ್ಟು ಸಕ್ಕರೆ ಹಾಕಿಕೊಂಡು ತಾವೇ ಹೋದರು.

“ಲೂರ್ದಕ್ಕಾ, ಈ ಸಲ ತೆಂಗಿನ ಹಾಲಲ್ಲಿ ಕಲಸಿದೀರಿ! ಥೇಟ್ ನಿಮ್ಮವ್ವನ ಕೈರುಚಿ!”

“ಪ್ರತಿ ವರ್ಷಾನೂ ಹಂಗೇ ಕಣಪ್ಪ ಕಲ್ಸೋದು.”

ಮೇಷ್ಟ್ರ ಮುಖ ಇಳಿಯಿತು.

“ಸುಬ್ಬಮ್ಮ ಯಾವತ್ತೋ ಹೇಳಿದ್ಲು ಬಿಡು, ಪಟ್ಟಾಭಿ. ನಿಮಗೆ ಅಂತ ಮೊಟ್ಟೆ ಹಾಕ್ದೆ, ಬೇರೆ ಬಾಣ್ಲೀಲಿ ಕರೀತಿದ್ನಾ, ‘ಒಂದ್ ಮೊಟ್ಟೆ ಒಡ್ದಾಕು ಸಿಸ್ಟ್ರೇ, ತಿನ್ನೋಳು ನಾನೇ ಅಲ್ವಾ’ ಅಂದ್ಲು.”

“ಹಾಕಿದ್ರಾ?” ಮೇಷ್ಟ್ರ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು.

“ಇಲ್ಲ ಕಣೋ. ಒಂದ್ ವರ್ಷ ನೀನೇ ತಿಂದ್ಬಿಟ್ರೆ ಅಂತ ಹಂಗೇ ಮಾಡ್ತಿದ್ದೆ.”

ಬೈದಿದ್ದರೆ ಸಹಿಸಬಹುದಿತ್ತು. ಮೇಷ್ಟ್ರು ಜಗಲಿಯ ಮೇಲೆ ಕೂತರು. ಲೂರ್ದಕ್ಕ ಒಳಗಿನಿಂದ ಇನ್ನೊಂದು ಹಿಡಿ ತಂದು ಕೈಗೆ ಸುರಿದಳು. ಅದೇ ಹೊತ್ತಿಗೆ ದೇವಸ್ಥಾನಕ್ಕೆ ಹೊರಟಿದ್ದ ಎದುರುಮನೆಯ ಗಂಗಾಧರಯ್ಯ ಬೀದಿಯಲ್ಲಿ ನಿಂತರು.

“ಏನ್ ಮೇಷ್ಟ್ರೇ, ಬಾಯಾಡಿಸ್ತಾ ಇದೀರಿ?”

ಮೇಷ್ಟ್ರ ಕೈ ಸರ್ರನೆ ಶಾಲಿನೊಳಗೆ ಹೋಯಿತು. ಲೂರ್ದಕ್ಕ ಕಾಣದವಳಂತೆ ಬೇರೆ ಕಡೆ ತಿರುಗಿದಳು. ಆಕೆ ಹಾಗೆ ತಿರುಗಿದ್ದೇ ಮೇಷ್ಟ್ರ ಕಿವಿಯನ್ನು ಸುಟ್ಟಿತು.

“ಕ್ರಿಸ್‌ಮಸ್ ತಿಂಡಿ,” ಎಂದರು, ಗಂಟಲಲ್ಲೇ.

“ಏನಂದ್ರಿ?”

“ಕ್ರಿಸ್‌ಮಸ್ ತಿಂಡಿ ಕಣ್ರೀ!” ಶಾಲಿನಿಂದ ಕೈ ಹೊರತೆಗೆದು ಚಾಚಿದರು. “ತಗೊಳ್ಳಿ.”

ಗಂಗಾಧರಯ್ಯ ಎರಡು ಹೆಜ್ಜೆ ಹಿಂದೆ ಸರಿದರು. “ಅಯ್ಯೋ, ಮಡೀಲಿದೀನಿ ಸ್ವಾಮಿ. ಮನೆಗೆ ಕಳಿಸ್ಬಿಡಿ. ಬಹಳ ಸಂತೋಷ!”

ಮನೆಗೆ ಹೋದ ತಟ್ಟೆ ಯಾವ ಬಾಗಿಲಿನಿಂದ ಹೊರಬೀಳುತ್ತದೆಂದು ಮೇಷ್ಟ್ರಿಗಿಂತ ಚೆನ್ನಾಗಿ ಬಲ್ಲವರು ಯಾರು? ಲೂರ್ದಕ್ಕನ ಮುಖ ನೋಡುವ ಧೈರ್ಯವಾಗದೆ, ತಲೆ ತಗ್ಗಿಸಿಕೊಂಡು, ಹೋಗುವವರು ಬರುವವರು ನೋಡುತ್ತಿದ್ದಂತೆಯೇ, ಒಂದೊಂದಾಗಿ ತಿನ್ನತೊಡಗಿದರು.