ರುದ್ರಪ್ಪ ಸರ್ ಮತ್ತು ಕತ್ತಲಲ್ಲಿ ನಡೆದ ದೀಪಗಳು

ರುದ್ರಪ್ಪ ಸರ್ ಯಾರ ಮುಖವನ್ನೂ ನೋಡುತ್ತಿರಲಿಲ್ಲ, ಮೊಣಕಾಲು ನೋಡುತ್ತಿದ್ದರು. ಚನ್ನಗಿರಿಯ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಬೀದಿಯತ್ತ ತಿರುಗಿ ಕೂತು, ಹೋಗಿಬರುವವರ ಕಾಲುಗಳ ಮೇಲೇ ಕಣ್ಣಿಟ್ಟಿರುತ್ತಿದ್ದರು.

"ಏನ್ ಸರ್, ನನ್ ಚಪ್ಪಲಿ ನಿಮ್ದೇನಾ?" ಎಂದು ಹೋಟೆಲಿನವನು ಒಮ್ಮೆ ಕೆಣಕಿದ.

"ಚಪ್ಪಲಿ ನಿಂದೇ ಕಣಯ್ಯ, ನಡಿಗೆ ನಿಮ್ಮಪ್ಪಂದು," ಎಂದರು ಸರ್.

ಕಾಲೇಜಿನಲ್ಲಿ ಅವರು ನಮಗೆ ಪ್ರಾಣಿಶಾಸ್ತ್ರ ಹೇಳುತ್ತಿದ್ದರು. ಎಪ್ಪತ್ತರ ದಶಕದ ಕೊನೆಗೆ ನಾನು ಎಂ.ಎಸ್ಸಿ. ಮುಗಿಸಿ ಅದೇ ಕಾಲೇಜಿಗೆ ಡೆಮಾನ್‌ಸ್ಟ್ರೇಟರ್ ಆಗಿ ಬಂದಾಗಲೂ ಅವರ ಪ್ರಶ್ನೆ ಬದಲಾಗಿರಲಿಲ್ಲ. "ಗಾಳಿಗೆ ಸೊಪ್ಪು ಅಲುಗಿದ್ರೆ ಕುರಿ ತಲೆ ಎತ್ತಲ್ಲ. ಬೇಲಿ ಹಿಂದೆ ನಾಯಿ ಅಲುಗಿದ್ರೆ ಬೆದರ್ತದೆ. ಎರಡೂ ಅಲುಗಾಟನೇ ಅಲ್ವೇನಮ್ಮ? ಜೀವ ಇರೋದನ್ನ ಕಣ್ಣು ಹೆಂಗೆ ಬೇರೆ ಮಾಡ್ತು?"

ನಲವತ್ತು ದಾಟಿದ ಮೇಲೆ ಅವರು ಪಿಎಚ್.ಡಿ.ಗೆ ಹೊರಟಿದ್ದರು. ಕೀಲುಗಳಿಗೆ ಮಾತ್ರ ದೀಪ ಕಟ್ಟಿಕೊಂಡು ಒಬ್ಬ ಕತ್ತಲಲ್ಲಿ ನಡೆದರೆ, ಬರೀ ಚುಕ್ಕಿಗಳ ಚಲನೆಯಿಂದಲೇ ನೋಡುವವರಿಗೆ ಮನುಷ್ಯ ಕಾಣುತ್ತಾನೆಂಬುದನ್ನು ಎಲ್ಲೋ ಓದಿದ್ದರು. ನಮ್ಮ ಜನರಿಗೆ ಏನೇನು ಕಾಣುತ್ತದೆಂದು ನೋಡಬೇಕಿತ್ತು. ವಿಶ್ವವಿದ್ಯಾಲಯದ ಪ್ರೊಫೆಸರು ಕ್ಯಾಮೆರಾವನ್ನೂ ಒಂದೇ ಒಂದು ರೀಲನ್ನೂ ಕೊಟ್ಟಿದ್ದರು. ಫಿಲ್ಮ್ ಸರಿಬಂದರೆ ಮಾತ್ರ ಅವರನ್ನು ಸಂಶೋಧನೆಗೆ ತೆಗೆದುಕೊಳ್ಳುವ ಮಾತಾಗಿತ್ತು.

ಕಾಲೇಜಿನ ಕಿಟಕಿಗಳಿಗೆ ಮುಚ್ಚಲು ಬಾಗಿಲೇ ಇರಲಿಲ್ಲ. ಹಾಗಾಗಿ ಒಬ್ಬ ಸಾಹುಕಾರರ ಅಡಿಕೆ ಗೋದಾಮಿನ ಬಾಗಿಲು ಮುಚ್ಚಿ, ಹಾಡಹಗಲಲ್ಲಿ ಕತ್ತಲೆ ಮಾಡಿಕೊಂಡೆವು. ಅಟೆಂಡರ್ ಹಾಲಪ್ಪ ಪಂಚೆಯನ್ನು ತೊಡೆಯವರೆಗೆ ಎತ್ತಿ ಕಟ್ಟಿ ನಿಂತ. ಅವನ ಭುಜ, ಮೊಣಕೈ, ಮಣಿಕಟ್ಟು, ಮೊಣಕಾಲು, ಪಾದದ ಮೇಲಿನ ಹರಡುಗಳಿಗೆ ನಾನು ಟಾರ್ಚಿನ ಬಲ್ಬುಗಳನ್ನು ಕಟ್ಟಿದೆ. ಕ್ಯಾಮೆರಾ ತಿರುಗತೊಡಗಿತು. ಹಾಲಪ್ಪ ಚೆನ್ನಾಗಿಯೇ ಹೆಜ್ಜೆ ಹಾಕಿದ. ಅಷ್ಟರಲ್ಲಿ ಹಿಂಬಾಗಿಲ ಕಡೆ ಸಾಹುಕಾರರ ಕೆಮ್ಮು ಕೇಳಿತು.

ಮೊಣಕಾಲಿನ ದೀಪಗಳು ಥಟ್ಟನೆ ಮಾಯವಾದವು. ಹಾಲಪ್ಪ ಪಂಚೆ ಇಳಿಸಿಬಿಟ್ಟಿದ್ದ. ಬೀಸುತ್ತಿದ್ದ ಕೈಗಳ ದೀಪಗಳು ಎದೆಯ ಹತ್ತಿರ ಬಂದು ಕೂಡಿಕೊಂಡವು. ಭುಜದವು ಒಂದಿಷ್ಟು ಕೆಳಗೆ ಬಾಗಿದವು.

"ಪಂಚೆ ಎತ್ತೋ ಹಾಲಪ್ಪ! ಕೈ ಬೀಸು!"

"ಸಾಹುಕಾರ್ರು ಬಂದಾರೆ ಸರ್!"

"ಕತ್ತಲಾಗೈತೆ ಕಣೋ, ಅವರಿಗೆ ನೀನು ಕಾಣಲ್ಲ!"

"ಅವರು ಬಂದಿದ್ದು ನಂಗೆ ಗೊತ್ತಾತಲ್ಲ ಸರ್!"

ರೀಲು ಅಲ್ಲಿಗೆ ಮುಗಿಯಿತು.

ಆದರೂ ಸರ್ ಅದನ್ನು ತೊಳೆಸಿ ತರಿಸಿದರು. ಜಗಳೂರು ಕಡೆಯ ಸೊಕ್ಕೆಯಲ್ಲಿ ಅವರ ಅಕ್ಕನ ಮನೆಯಿತ್ತು. ಹಾಲಪ್ಪನನ್ನು ಕಂಡೇ ಇರದ ಜನರಿಗೆ ತೋರಿಸೋಣವೆಂದು ಅಲ್ಲಿನ ಶಾಲೆಯ ಕಿಟಕಿಗಳಿಗೆ ಕಂಬಳಿ ಕಟ್ಟಿ ಪ್ರೊಜೆಕ್ಟರ್ ಹಚ್ಚಿದೆವು. ಗೋಡೆಯ ಮೇಲೆ ಚುಕ್ಕಿಗಳು ನಡೆದವು, ಕೆಲವು ಆರಿದವು, ಕೆಲವು ಕೂಡಿದವು. ನಾವು ಇನ್ನೂ ಏನೂ ಕೇಳಿರಲಿಲ್ಲ.

"ಅಯ್ಯ, ಪಂಚೆ ಇಳಿಸ್ದ ನೋಡ್ರಿ," ಎಂದಳು ಮುಂದೆ ಕೂತಿದ್ದ ಒಬ್ಬ ಹೆಂಗಸು. "ಯಾರೋ ದೊಡ್ಡೋರು ಬಂದ್ರು ಅನ್ನುಸ್ತೈತೆ."

"ಹೆಣ್ಣು ಕೊಟ್ಟ ಮಾವ ಇರಬೇಕು ಬಿಡ್ರಿ!" ಎಂದಿತು ಹಿಂದಿನಿಂದ ಇನ್ನೊಂದು ದನಿ. ಇಡೀ ಕೋಣೆ ನಕ್ಕಿತು.

ಹೊರಗೆ ಬಂದ ಸರ್ ಅಂದು ಮೊದಲ ಬಾರಿಗೆ ನನ್ನ ಮುಖ ನೋಡಿ ಮಾತಾಡಿದರು. "ನೋಡ್ದೇನಮ್ಮ? ಮುಖ ಇಲ್ಲ, ಮೈ ಇಲ್ಲ, ಪಂಚೆನೂ ಇಲ್ಲ. ಮರ್ಯಾದೆ ಒಂದೇ ಕಾಣ್ತು!"

ಇದಕ್ಕಿಂತ ಒಳ್ಳೆಯ ಫಲಿತಾಂಶ ಬೇರೇನು ಬೇಕಿತ್ತು? ಪ್ರೊಫೆಸರರ ಕೋಣೆಗೆ ನಾನೂ ಅವರ ಜೊತೆ ಹೋದೆ. ಪ್ರೊಫೆಸರು ಫಿಲ್ಮ್ ನೋಡಿ, "ಮೊಣಕಾಲು ಎಲ್ರೀ? ರೀಲು ಹಾಳು ಮಾಡಿದ್ರಿ," ಎಂದರು. ಸರ್ ಈಗ ಸೊಕ್ಕೆಯ ಮಾತು ತೆಗೆಯುತ್ತಾರೆಂದು ಕಾದೆ.

"ತಪ್ಪಾತು ಸರ್," ಎಂದರು ಅವರು. ನಾನು ಬಾಯಿ ತೆರೆದೆ. ಸುಮ್ಮನಿರೆಂದು ಕೈಸನ್ನೆ ಮಾಡಿದರು.

ವಾಪಸು ಬರುವಾಗ ಬಸ್ಸಿನಲ್ಲಿ ಕೇಳಿದೆ, "ಯಾಕೆ ಸರ್ ಹೇಳಲಿಲ್ಲ?"

"ಅಂಥೋರಿಗೆ ಎದುರು ಮಾತಾಡಾಕೆ ಆಗುತ್ತೇನಮ್ಮ?"

"ಎದುರು ಮಾತಲ್ಲ ಸರ್. ಫಲಿತಾಂಶ."

"ಬರೆದು ಕಳಿಸ್ತೀನಿ ಬಿಡು."

ಬರೆಯಲಿಲ್ಲ. ಹೊನ್ನಾಳಿಯ ಕಾಲೇಜಿಗೆ ವರ್ಗವಾಗಿ ಹೋದ ಮೇಲೂ ಬರೆಯಲಿಲ್ಲ. ನಾನೇ ಬರೆದುಕೊಡುತ್ತೇನೆ, ನೀವು ಸಹಿ ಹಾಕಿದರೆ ಸಾಕು ಎಂದರೆ, "ಮೊದಲು ಪ್ರೊಫೆಸರ್ರನ್ನ ಒಂದ್ಮಾತು ಕೇಳಾಣ," ಎನ್ನುತ್ತಿದ್ದರು. ಕೇಳುತ್ತಲೂ ಇರಲಿಲ್ಲ. ಊರಿನವರ ನಡಿಗೆಯನ್ನೆಲ್ಲ ಅಷ್ಟು ಚೆನ್ನಾಗಿ ಓದುತ್ತಿದ್ದವರ ಮೇಲೆ ನನಗೆ ಎಷ್ಟು ಸಿಟ್ಟು ಬರುತ್ತಿತ್ತೆಂದರೆ, ಅವರ ಎದುರು ಕೂತು ಕಾಫಿ ಕುಡಿಯುವುದೂ ಕಷ್ಟವಾಗುತ್ತಿತ್ತು.

ಕೊನೆಯ ಸಲ ಅವರನ್ನು ಕಂಡದ್ದು ನ್ಯಾಮತಿಯಲ್ಲಿ. ಆಗ ಅಲ್ಲಿನ ಕಾಲೇಜಿನಲ್ಲಿದ್ದರು, ನಿವೃತ್ತಿಯ ಹತ್ತಿರ ಬಂದಿದ್ದರು. ಆ ಸಂಜೆ ಅವರೇ ಮಾತು ತೆಗೆದರು. "ಈ ಸಲ ಕೇಳಾಕೆ ಹೋಗಲ್ಲಮ್ಮ. ಬರೆದು ಸೀದಾ ಪತ್ರಿಕೆಗೇ ಕಳಿಸ್ತೀನಿ. ಯಾರು ಏನಂದ್ರೂ ಸರಿ." ನನ್ನನ್ನು ಬಸ್ಸು ಹತ್ತಿಸಲು ಬಂದಾಗಲೂ ಲುಂಗಿ ಎತ್ತಿ ಕಟ್ಟಿ, ಕೈ ಬೀಸಿಕೊಂಡು, ಲೇಖನದ ಮೊದಲ ವಾಕ್ಯವನ್ನು ಬಾಯಲ್ಲೇ ಹೇಳುತ್ತ ನಡೆದರು. ಎಷ್ಟೋ ವರ್ಷದ ಮೇಲೆ ನಾನು ನಂಬಿದೆ.

ಬಸ್ಸು ಹೊರಟಿತು. ಕಿಟಕಿಯಿಂದ ತಿರುಗಿ ನೋಡಿದೆ. ಮಬ್ಬಿನಲ್ಲಿ ಅವರ ಮುಖ ಕಾಣುತ್ತಿರಲಿಲ್ಲ, ಆಕೃತಿಯಷ್ಟೇ. ಅವರ ಪಕ್ಕಕ್ಕೆ ಒಂದು ಕಾರು ಬಂದು ನಿಂತಿತು. ಒಳಗೆ ಯಾರಿದ್ದರೋ ನನಗೆ ಇಂದಿಗೂ ಗೊತ್ತಿಲ್ಲ. ಸರ್ ಲುಂಗಿ ಇಳಿಸಿದರು. ಕೈಗಳು ಎದೆಯ ಹತ್ತಿರ ಬಂದು ಕೂಡಿಕೊಂಡವು. ಭುಜ ಒಂದಿಷ್ಟು ಬಾಗಿತು.

ಆ ಲೇಖನ ಬರುವುದಿಲ್ಲವೆಂದು ನನಗೆ ಆಗಲೇ ತಿಳಿಯಿತು. ಅವರು ತೀರಿಕೊಂಡ ಸುದ್ದಿ ಬಂದದ್ದು ಮುಂದಿನ ಬೇಸಿಗೆಯಲ್ಲಿ.