ತಂಗಿ ಕೇಳಿದ ಅಚ್ಚು

ನನ್ನ ತಂಗಿ ಕೇಳಿದ ಒಂದೇ ಒಂದು ಕೆಲಸವನ್ನು ನಾನು ಮಾಡಲಿಲ್ಲ. ಮಾಡಿದ್ದೇನೆ ಎಂದು ಸುಳ್ಳು ಹೇಳಿದೆ. ಅವಳನ್ನು ನೆನೆದಾಗ ಮೊದಲು ಕಣ್ಣಿಗೆ ಬರುವುದು ಅವಳ ಉಗುರುಗಳು. ಸದಾ ಕಪ್ಪು. ಮರಳು, ಇದ್ದಿಲು, ಬಣ್ಣ, ಏನಾದರೊಂದು ಅವುಗಳ ಸಂದಿಯಲ್ಲಿ ಕೂತೇ ಇರುತ್ತಿತ್ತು. ಮದುವೆ ಮನೆಗೆ ಹೋಗುವಾಗಲೂ ಅಮ್ಮ ಅವಳ ಕೈ ಹಿಡಿದು ಕಡ್ಡಿಯಲ್ಲಿ ಕೆರೆದು ತೆಗೆಯಬೇಕಿತ್ತು.

ನಾವು ಬೆಳೆದದ್ದು ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ. ಅಪ್ಪಾಜಿ ಮೌಲ್ಡರ್ ಆಗಿದ್ದರು. ಮರಳಿನಲ್ಲಿ ಅಚ್ಚು ಮಾಡಿ ಕರಗಿದ ಕಬ್ಬಿಣ ಸುರಿಯುವ ಕೆಲಸ. ಅವರ ಪ್ಯಾಂಟಿನ ಮಡಿಕೆಯಲ್ಲಿ ಮನೆಗೆ ಬರುತ್ತಿದ್ದ ಕರಿ ಮರಳನ್ನು ತಂಗಿ ಡಬ್ಬಿಯಲ್ಲಿ ಕೂಡಿಡುತ್ತಿದ್ದಳು. ಅದಕ್ಕೆ ನೀರು ಚಿಮುಕಿಸಿ ಚಮಚ, ಬೀಗ, ಕೊನೆಗೆ ನಮ್ಮ ನಾಯಿಯ ಕಾಲನ್ನೂ ಒತ್ತಿ ಅಚ್ಚು ತೆಗೆಯುವಳು. ಕೂತಲ್ಲಿ ಕೂರುವವಳಲ್ಲ. ಊಟವನ್ನೂ ತಟ್ಟೆ ಹಿಡಿದು ಓಡಾಡುತ್ತಲೇ ಮಾಡುವಳು.

"ಒಂದ್ ನಿಮಿಷ ಕೂತ್ಕೊಳ್ಳೇ, ತಿಂದಿದ್ದು ಮೈಗೆ ಹತ್ತಲ್ಲ," ಎಂದು ಅಮ್ಮ ಗದರುತ್ತಿದ್ದಳು.

"ಕೂತ್ರೆ ತುಕ್ಕು ಹಿಡಿಯುತ್ತಮ್ಮ," ಎನ್ನುವಳು. ಅಪ್ಪಾಜಿಗೆ ಆ ಮಾತು ಬಹಳ ಇಷ್ಟ.

ನಾನು ಎಂಟನೇ ತರಗತಿಯಲ್ಲಿ ಎರಡು ಸಲ ನಪಾಸಾಗಿ ಶಿವಮೊಗ್ಗದ ಒಂದು ಫೌಂಡ್ರಿ ಸೇರಿದೆ. ಕೆಲಸ ಕಲಿಸಿದವರು ಅಪ್ಪಾಜಿಯೇ. ಮದುವೆಯಾದ ಮೇಲೆ ಅಲ್ಲೇ ವಿದ್ಯಾನಗರದಲ್ಲಿ ಮನೆ ಮಾಡಿದೆ. ತಂಗಿ ಚಿತ್ರಕಲೆ ಓದಿದಳು. ತೊಂಬತ್ತರ ದಶಕದ ಕೊನೆಯಲ್ಲಿ ವಿದ್ಯಾರ್ಥಿವೇತನ ಸಿಕ್ಕಿ, ಶಿಲ್ಪ ಕಲಿಯಲು ಬೆಲ್ಜಿಯಂಗೆ ಹೊರಟಳು.

"ನೋಡಣ್ಣ, ನೀನೂ ಅಪ್ಪಾಜೀನೂ ದಿನಾ ಮಾಡೋ ಕೆಲ್ಸಾನೇ ಕಲಿಯೋಕೆ ನಾನು ವಿಮಾನ ಹತ್ಬೇಕು," ಎಂದು ನಕ್ಕಳು.

"ಹೋಗು ಮಾರಾಯ್ತಿ. ನಾವು ಮಾಡಿದ್ರೆ ಕೂಲಿ, ನೀನು ಮಾಡಿದ್ರೆ ಕಲೆ," ಎಂದೆ. ತಮಾಷೆಗೆ ಹೇಳಿದ್ದು. ಪೂರ್ತಿ ತಮಾಷೆಯಾಗಿರಲಿಲ್ಲ.

ಅಲ್ಲಿಯೂ ಅವಳ ಕಾಲು ನಿಲ್ಲಲಿಲ್ಲ. ಡಿಸೆಂಬರ್ ಹತ್ತಿರವಾದಂತೆ ಕ್ಲಾಸಿನವರ ಜೊತೆ ರೈಲಿನಲ್ಲಿ ಊರಿಂದೂರಿಗೆ ಅಲೆಯುತ್ತಿದ್ದಳು. ವಾರಕ್ಕೊಂದು ಕಾರ್ಡು ಬರುತ್ತಿತ್ತು. ಪ್ಯಾರಿಸ್ಸಿನಿಂದ ಬಂದದ್ದು ಈಗಲೂ ನನ್ನ ಹತ್ತಿರ ಇದೆ. "ಇಲ್ಲಿ ಐದು ಗಂಟೆಗೇ ಕತ್ತಲು. ಕ್ರಿಸ್‌ಮಸ್ಸಿಗೆ ಬೀದಿ ತುಂಬ ದೀಪ ಕಟ್ಟಿದ್ದಾರೆ. ಮ್ಯೂಸಿಯಂನಲ್ಲಿ ಮೂರು ದಿನ ಕಲ್ಲಿನ ಕೈಗಳನ್ನೇ ನೋಡಿ ನೋಡಿ ಬಿಡಿಸಿದೆ. ಒಂದು ಕೈಯೂ ಕೆಲಸ ಮಾಡಿದ ಕೈ ಥರ ಇಲ್ಲ ಅಣ್ಣ."

ಅದರ ಹಿಂದೆಯೇ ಕಾಗದ ಬಂತು. ಅಪ್ಪಾಜಿಯ ಬಲಗೈಯನ್ನು ಪ್ಲಾಸ್ಟರಿನಲ್ಲಿ ಒತ್ತಿಸಿ ಅಚ್ಚು ಕಳಿಸಬೇಕು. ಅವಳು ಅದರಿಂದ ಕಬ್ಬಿಣದ ಎರಕ ತೆಗೆಯುತ್ತಾಳೆ. ಕ್ರಿಸ್‌ಮಸ್ ರಜಕ್ಕೆ ಕಾಲೇಜು ಮುಚ್ಚುವ ಮುಂಚೆ ಎಲ್ಲರ ಕೆಲಸವನ್ನೂ ಪ್ರದರ್ಶನಕ್ಕೆ ಇಡುತ್ತಾರಂತೆ. ಅಪ್ಪಾಜಿಗೂ ಬೇರೆ ಕಾಗದ ಬರೆದಿದ್ದಳು.

ಆಗ ಅಪ್ಪಾಜಿಗೆ ಹುಷಾರಿರಲಿಲ್ಲ. ದಸರಾದಿಂದ ಹಿಡಿದ ಕೆಮ್ಮು ಬಿಟ್ಟಿರಲಿಲ್ಲ. ಆ ದಪ್ಪ ಕೈ ಒಣಗಿ, ಲೋಟ ಹಿಡಿದರೆ ನಡುಗುತ್ತಿತ್ತು. "ಅವಳಿಗೆ ಹೇಳ್ಬೇಡಿ, ಓದು ಬಿಟ್ಟು ಓಡಿ ಬರ್ತಾಳೆ," ಎಂದು ಅವರು ನನ್ನ, ಅಮ್ಮನ ಬಾಯಿ ಕಟ್ಟಿಹಾಕಿದ್ದರು.

ಭದ್ರಾವತಿ ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದಾರಿ. ಭಾನುವಾರ ಬರುತ್ತೇನೆಂದು ಅಪ್ಪಾಜಿಗೆ ಹೇಳಿ ಕಳಿಸಿದ್ದೆ. ಮೊದಲ ಭಾನುವಾರ ಫೌಂಡ್ರಿಯ ಗೆಳೆಯರ ಜೊತೆ ಸಕ್ರೆಬೈಲಿಗೆ ಹೋಗಿ, ಆನೆಗೆ ಸ್ನಾನ ಮಾಡಿಸುವುದನ್ನು ನೋಡುತ್ತಾ ನಿಂತೆ. ಎರಡನೇ ಭಾನುವಾರ ಹೆಂಡತಿಯ ಕಡೆಯವರನ್ನು ಸಿಂಹ ತೋರಿಸಲು ತ್ಯಾವರೆಕೊಪ್ಪಕ್ಕೆ ಕರೆದುಕೊಂಡು ಹೋದೆ. ಪುರುಸೊತ್ತಿರಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಬೇರೆ ಇತ್ತು. ನನ್ನ ಕೈಯೂ ಅದೇ ಮರಳಿನಲ್ಲಿ ಸವೆದದ್ದು, ಅದೇ ಕಬ್ಬಿಣದಲ್ಲಿ ಸುಟ್ಟದ್ದು. ಅದನ್ನು ಅವಳು ಕೇಳಲಿಲ್ಲವಲ್ಲ ಎಂಬ ಉರಿ.

ಕೊನೆಗೆ ದಿನ ಉಳಿಯಲಿಲ್ಲ. ಒಂದು ಸಂಜೆ ಫೌಂಡ್ರಿಯಲ್ಲೇ ಪ್ಲಾಸ್ಟರ್ ಕಲಸಿದೆ. ಅಂಗೈಗೆ ಎಣ್ಣೆ ಸವರಿಕೊಂಡು ನನ್ನ ಬಲಗೈಯನ್ನೇ ಒತ್ತಿದೆ. ಅಪ್ಪಾಜಿಯ ಹೆಬ್ಬೆರಳಿನ ಬುಡದಲ್ಲಿ ಕಬ್ಬಿಣ ಸಿಡಿದು ಆದ ಒಂದು ಹಳ್ಳವಿತ್ತು, ಹುಣಸೆ ಬೀಜದಷ್ಟು. ಎರಕದಲ್ಲಿ ಹಳ್ಳ ಬರಬೇಕಾದರೆ ಅಚ್ಚಿನಲ್ಲಿ ಅದು ಉಬ್ಬಿರಬೇಕು. ಆ ಜಾಗದಲ್ಲಿ ಚಿಟಿಕೆ ಪ್ಲಾಸ್ಟರ್ ಇಟ್ಟು ತಿದ್ದಿದೆ. ಮಾರನೆಯ ದಿನ, ಇದು ಅಪ್ಪಾಜಿಯ ಕೈ ಎಂದು ಚೀಟಿ ಬರೆದಿಟ್ಟು ಸ್ಪೀಡ್ ಪೋಸ್ಟಿಗೆ ಹಾಕಿದೆ.

ಅದು ತಲುಪಿದ ದಿನ ತಂಗಿ ಅಪ್ಪಾಜಿಯ ಪಕ್ಕದ ಮನೆಗೆ ಫೋನ್ ಮಾಡಿದಳು. ಅವತ್ತು ನಾನು ಭದ್ರಾವತಿಯಲ್ಲೇ ಇದ್ದೆ. ಅಪ್ಪಾಜಿಯನ್ನು ತೋಳು ಹಿಡಿದು ಕರೆದುಕೊಂಡು ಹೋದೆ. ಅವಳ ದನಿ ರಿಸೀವರಿನಿಂದ ಆಚೆಗೂ ಕೇಳುತ್ತಿತ್ತು.

"ಅಪ್ಪಾಜಿ, ನಿಮ್ ಕೈ ಬಂತು! ಒಂಚೂರೂ ವಯಸ್ಸಾಗಿಲ್ಲ, ಹೆಂಗೆ ಗಟ್ಟಿಯಾಗಿದೆ! ನಂಗೇನೋ ನಿಮ್ಗೆ ಹುಷಾರಿಲ್ಲ ಅಂತ ಅನ್ನಿಸ್ತಿತ್ತು. ರಜಕ್ಕೆ ಊರಿಗೆ ಬರೋಣ ಅಂತಿದ್ದೆ. ಫ್ರೆಂಡ್ಸೆಲ್ಲ ಇಟಲಿಗೆ ಹೊರಟಿದಾರೆ. ಏನ್ ಮಾಡ್ಲಿ?"

ಅಪ್ಪಾಜಿ ನನ್ನ ಮುಖ ನೋಡಿದರು. ಆಮೇಲೆ ನನ್ನ ಬಲಗೈ ನೋಡಿದರು. ನಾನು ಅದನ್ನು ಜೇಬಿಗೆ ಹಾಕಿಕೊಂಡೆ.

"ಬಂತಾ? ಒಳ್ಳೇದಾಯ್ತು. ಇಟಲಿಗೆ ಹೋಗವ್ವ. ನಾನು ಚೆನ್ನಾಗಿದೀನಿ," ಎಂದರು. ಕೆಮ್ಮು ಬರುವ ಮೊದಲೇ ಫೋನ್ ಇಟ್ಟರು.

ತೋಳು ಹಿಡಿದು ಮನೆಗೆ ಕರೆತಂದೆ. ಮೆಟ್ಟಿಲ ಹತ್ತಿರ ನಿಂತು ಕೇಳಿದರು: "ಸುಟ್ಟಿದ್ ಗುರುತು ಹಾಕಿದ್ಯಾ?"

"ಹಾಕಿದೀನಿ."

"ಉಬ್ಬಿಸಿ ತಾನೆ?"

"ಹೂಂ."

"ಸರಿ," ಎಂದು ಒಳಗೆ ಹೋಗಿ ಮಲಗಿದರು. ಅವರು ಎರಡು ಭಾನುವಾರವೂ ಸೋಪು ಹಚ್ಚಿ ಕೈ ತೊಳೆದುಕೊಂಡು, ಅಂಗಿಯ ತೋಳು ಮಡಚಿ, ಅದೇ ಮೆಟ್ಟಿಲ ಮೇಲೆ ನನಗಾಗಿ ಕೂತಿದ್ದರೆಂದು ಆಮೇಲೆ ಅಮ್ಮ ಹೇಳಿದಳು.

ಸಂಕ್ರಾಂತಿಗೆ ಮೊದಲೇ ಅಪ್ಪಾಜಿ ಹೋದರು. ತಂಗಿ ಬಂದು ಮುಟ್ಟಿದ್ದು ಮೂರನೇ ದಿನ. ಸ್ವೆಟರಿನಲ್ಲಿ ಸುತ್ತಿ ತಂದಿದ್ದ ಕಬ್ಬಿಣದ ಅಂಗೈಯನ್ನು ಫೋಟೋದ ಮುಂದೆ ಇಟ್ಟಳು. ಅಮ್ಮ ಅದನ್ನು ನೋಡಿದಳು, ನನ್ನನ್ನು ನೋಡಿದಳು, ಎದ್ದು ಅಡುಗೆಮನೆಗೆ ಹೋದಳು. ತಂಗಿ ಆ ಹಳ್ಳದ ಮೇಲೆ ಹೆಬ್ಬೆರಳು ಆಡಿಸುತ್ತಾ ಕೂತಿದ್ದಳು. ಅವಳು ಅಷ್ಟು ಹೊತ್ತು ಒಂದೇ ಕಡೆ ಕೂತದ್ದನ್ನು ನಾನು ಕಂಡಿದ್ದು ಅದೇ ಮೊದಲು.

ಆಮೇಲೂ ಅವಳು ಎಲ್ಲಿಯೂ ನೆಲೆ ನಿಲ್ಲಲಿಲ್ಲ. ಒಂದು ವರ್ಷ ಒಂದು ದೇಶ, ಮತ್ತೊಂದು ವರ್ಷ ಮತ್ತೊಂದು. ಹೋದಲ್ಲೆಲ್ಲ ಆ ಕಬ್ಬಿಣವನ್ನು ಹೊತ್ತೊಯ್ದಳು. "ಬಟ್ಟೆ ಬೇಕಾದ್ರೆ ಬಿಟ್ ಹೋಗ್ತೀನಿ, ಇದನ್ನಲ್ಲ," ಎನ್ನುವಳು. ನಾನು ನಿದ್ದೆಗೆಟ್ಟು ಮಗ್ಗುಲು ಬದಲಿಸುತ್ತಾ, ನಾಳೆ ಹೇಳಿಬಿಡೋಣ ಎಂದುಕೊಳ್ಳುತ್ತಾ ಎಂಟು ವರ್ಷ ಕಳೆದೆ.

ಎಂಟನೇ ವರ್ಷ ಊರಿಗೆ ಬಂದವಳನ್ನು ಬೆಂಗಳೂರು ಬಸ್ಸಿಗೆ ಹತ್ತಿಸಲು ಶಿವಮೊಗ್ಗ ಬಸ್‌ಸ್ಟ್ಯಾಂಡಿಗೆ ಹೋಗಿದ್ದೆ. ಬ್ಯಾಗು ನನ್ನ ಕೈಯಲ್ಲಿತ್ತು.

"ಹುಷಾರಣ್ಣ, ಅಪ್ಪಾಜಿ ಇದಾರೆ ಅದ್ರಲ್ಲಿ," ಎಂದಳು. ಅತ್ತಿತ್ತ ಶತಪಥ ಹಾಕುತ್ತಿದ್ದವಳು ನಿಂತಳು. "ಅವತ್ತು ನಾನು ಬರ್ಬೇಕಿತ್ತು. ಇಟಲಿ ಎಲ್ ಓಡಿ ಹೋಗ್ತಿತ್ತು? ತಪ್ಪು ನಂದೇ."

ಬೆಂಚಿನ ಮೇಲೆ ಬ್ಯಾಗಿಟ್ಟು ಜಿಪ್ ಎಳೆದೆ. ಕಬ್ಬಿಣದ ಅಂಗೈಯನ್ನು ತೆಗೆದಿಟ್ಟು, ಪಕ್ಕದಲ್ಲಿ ನನ್ನ ಬಲಗೈಯನ್ನು ಅಂಗಾತ ಇಟ್ಟೆ. ಬೆರಳಿಗೆ ಬೆರಳು, ಗೆರೆಗೆ ಗೆರೆ. ನನ್ನದರಲ್ಲಿ ಆ ಹಳ್ಳ ಮಾತ್ರ ಇರಲಿಲ್ಲ. ಅವಳು ಎರಡನ್ನೂ ನೋಡುತ್ತಾ ನಿಂತಳು. ಕಂಡಕ್ಟರ್ ಬೆಂಗಳೂರು, ಬೆಂಗಳೂರು ಎಂದು ಕೂಗುತ್ತಿದ್ದ.

"ತಪ್ಪು ನಿಂದಲ್ಲ ಕಣೆ, ನಂದು," ಎಂದೆ. "ಇದು ಅಪ್ಪಾಜಿ ಕೈಯಲ್ಲ. ಅವ್ರು ಎರಡು ಭಾನುವಾರ ಕೈ ತೊಳ್ಕೊಂಡು ಕಾದ್ರು, ನಾನು ಹೋಗ್ಲಿಲ್ಲ. ನೀನು ಬರೋದನ್ನ ತಪ್ಪಿಸಿದ್ದು ನನ್ ಕೈ. ತಪ್ಪಾಯ್ತು, ನನ್ನ ಕ್ಷಮಿಸು."