ಆಫ್ ಮಾಡಿದ್ರೂ ಹೊಡೀತೈತಿ

ತಾಳಗುಂದದ ಚೌಡಪ್ಪ ಹೈಸ್ಕೂಲಿನಲ್ಲಿ ಜವಾನನಾಗಿದ್ದಷ್ಟು ಕಾಲವೂ ಕಂಪ್ಯೂಟರ್ ಕೋಣೆಯ ಬೀಗ ತೆಗೆದು, ಧೂಳು ಒರೆಸಿ, ಮತ್ತೆ ಬೀಗ ಹಾಕಿದವನು. ಒಂದು ಗುಂಡಿ ಒತ್ತಿ ನೋಡಿದವನಲ್ಲ. ನಿವೃತ್ತನಾದ ಮೇಲೆ ಮಗಳನ್ನು ಕೇಳಿದ್ದು ಇಷ್ಟೇ: "ನನಗೂ ಒಂದು ಮಾಡಿಕೊಡವ್ವ. ಹಳೇದಾದ್ರೂ ಅಡ್ಡಿಯಿಲ್ಲ."

ಮಗಳು ಶ್ರೀಲತಾ ಸೊರಬದ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಯಾವುದೋ ಆಫೀಸಿನವರು ಬೇಡವೆಂದು ಬಿಟ್ಟ ಕಬ್ಬಿಣದ ಕ್ಯಾಬಿನೆಟ್, ಅದರೊಳಗಿನದೇ ಮದರ್‌ಬೋರ್ಡ್, ಹಳೆಯ ಮಾನಿಟರ್ ಸಿಕ್ಕವು. ಹೊಸದಾಗಿ ಕೊಂಡದ್ದು ಫೈಲುಗಳನ್ನು ಉಳಿಸಿಡುವ ಎಸ್‌ಎಸ್‌ಡಿ ಮತ್ತು ಕನ್ನಡ ಅಕ್ಷರವಿರುವ ಕೀಬೋರ್ಡ್ ಮಾತ್ರ. ಒಂದು ಭಾನುವಾರ ಬಸ್ಸಿನಲ್ಲಿ ತಂದು ಮುಂದಿನ ಕೋಣೆಯಲ್ಲಿ ಜೋಡಿಸಿದಳು. ಚೌಡಪ್ಪ ಕೈ ತೊಳೆದುಕೊಂಡು ಬಂದು ಕೂತ.

ಸಂಜೆ ತಾಯಿ ಬಂಗಾರಮ್ಮ ಕ್ಯಾಬಿನೆಟ್ ಒರೆಸಲು ಹೋಗಿ ಕೈ ಹಿಂದೆಳೆದುಕೊಂಡಳು. "ಜುಂ ಅಂತೈತಲ್ಲೇ."

"ಅರ್ಥಿಂಗ್ ಸರಿಯಿಲ್ಲದ ಮನೇಲಿ ಹಂಗೇ ಅಮ್ಮ. ಚಪ್ಪಲಿ ಹಾಕ್ಕೊಂಡು ಮುಟ್ಟು," ಎಂದು ಶ್ರೀಲತಾ ನಕ್ಕು ಬಸ್ಸು ಹಿಡಿದಳು.

ಬುಧವಾರ ಅಪ್ಪನ ಫೋನು ಬಂತು. "ಬೆಳಿಗ್ಗೆ ಹೊತ್ತು ಮುಟ್ಟಂಗೇ ಇಲ್ಲ. ಆಫ್ ಮಾಡಿದ್ರೂ ಹೊಡೀತೈತಿ."

ಆ ಕೊನೆಯ ಮಾತು ಅವಳನ್ನು ಮಲಗಗೊಡಲಿಲ್ಲ. ಕಂಪ್ಯೂಟರಿಗೆ ಕರೆಂಟು ಕೊಡುವ ಪವರ್ ಸಪ್ಲೈ ಡಬ್ಬಿಯೇ ಕೆಟ್ಟಿರಬೇಕೆಂದು ಹೊಸದೊಂದನ್ನು ಚೀಲಕ್ಕೆ ಹಾಕಿಕೊಂಡು ಗುರುವಾರ ಮೊದಲ ಬಸ್ಸಿಗೇ ಹೊರಟಳು.

ಹೋದವಳೇ ಹಳೆಯದನ್ನು ಬಿಚ್ಚಿ ಹೊಸದು ಕೂರಿಸಿದಳು. ಪ್ಲಗ್ ಚುಚ್ಚಿ, ಸ್ವಿಚ್ ಹಾಕದೆಯೇ ಕ್ಯಾಬಿನೆಟ್ಟಿಗೆ ಟೆಸ್ಟರ್ ತಾಗಿಸಿದರೆ ದೀಪ ಹತ್ತಿತು. ಪ್ಲಗ್ ಕಿತ್ತು, ಗೋಡೆಯ ಬೋರ್ಡಿನಲ್ಲಿ ಅರ್ಥಿಂಗಿನ ದಪ್ಪ ತೂತಿಗೇ ಟೆಸ್ಟರ್ ಇಟ್ಟಳು. ಎಂದೂ ಹತ್ತಬಾರದ ಆ ಜಾಗದಲ್ಲೂ ಹತ್ತಿತು. ಹಾಗಾದರೆ ಕರೆಂಟು ಮನೆಯ ಕಡೆಯಿಂದಲೇ ಕಂಪ್ಯೂಟರಿಗೆ ಬರುತ್ತಿದೆ.

"ಅಪ್ಪ, ಈಗ ಮನೇಲಿ ಏನು ಹಾಕೀರಿ?"

"ಏನಿಲ್ಲ. ಗೀಸರ್ ಒಂದೇ."

"ಅಮ್ಮ?"

"ಸ್ನಾನಕ್ಕೆ ಹೋದ್ಲಲ್ಲ."

ಬಚ್ಚಲಿನಲ್ಲಿ ನೀರು ಬೀಳುವ ಸದ್ದಿನ ಜೊತೆಗೆ ಚೊಂಬು ಉರುಳಿದ ಸದ್ದು ಕೇಳಿತು. ಶ್ರೀಲತಾ ಜಗಲಿಗೆ ಓಡಿ ಮೇನ್ ಸ್ವಿಚ್ ಎಳೆದಳು. ಬಂದು ಕದ ತಳ್ಳಿದರೆ ಒಳಗಿನಿಂದ ಚಿಲಕ ಹಾಕಿತ್ತು. ಚೌಡಪ್ಪ ಭುಜ ಕೊಟ್ಟು ಚಿಲಕ ಮುರಿದ.

ಬಂಗಾರಮ್ಮ ಬಲಗೈ ಎದೆಗೆ ಅವುಚಿಕೊಂಡು ಗೋಡೆಗೆ ಕುಸಿದಿದ್ದಳು. ಕಣ್ಣು ತೆರೆದೇ ಇತ್ತು.

"ನಲ್ಲಿ ಕೈ ಬಿಡ್ಲಿಲ್ಲ ಕಣೇ."

ಶಿರಾಳಕೊಪ್ಪದ ಆಸ್ಪತ್ರೆಯಲ್ಲಿ ಎರಡು ದಿನ ಇಟ್ಟುಕೊಂಡರು. ಅಲ್ಲಿ ಮಲಗಿದ್ದಾಗಲೇ ಅವಳು ಹೇಳಿದ್ದು: ತಿಂಗಳಿಂದ ಸ್ನಾನದ ಹೊತ್ತಿಗೆ ಕೈ ಜುಮುಗುಡುತ್ತಿತ್ತು, ವಯಸ್ಸಾಯಿತು ಎಂದುಕೊಂಡು ನರದ ಮಾತ್ರೆ ನುಂಗುತ್ತಿದ್ದಳು.

ವೈರಿಂಗ್ ಕೆಲಸದ ಯಲ್ಲಪ್ಪ ಮನೆಯ ಪಕ್ಕ ಅಗೆದು ನೋಡಿದ. ಹಿಂದೆ ಪೈಪಿಗೆಂದು ತೋಡಿದಾಗ ಅರ್ಥಿಂಗಿನ ತಂತಿ ತುಂಡಾಗಿತ್ತು. ಅದು ಸಾಲದೆಂಬಂತೆ ಗೀಸರಿನೊಳಗೆ ನೀರು ಕಾಯಿಸುವ ಕಾಯಿಲ್ ಒಡೆದಿತ್ತು. ಭೂಮಿಗೆ ಇಳಿಯಬೇಕಾದ ಕರೆಂಟು ಅರ್ಥಿಂಗಿನ ತಂತಿ ಹಿಡಿದು ಮನೆಯೆಲ್ಲ ತಿರುಗುತ್ತಿತ್ತು.

"ನಿನ್ನ ಕಂಪ್ಯೂಟರೇ ಉಳಿಸ್ತು ನೋಡವ್ವ," ಎಂದ ಯಲ್ಲಪ್ಪ.

ಶ್ರೀಲತಾ ತಲೆ ಎತ್ತಲಿಲ್ಲ. ಕಂಪ್ಯೂಟರು ಭಾನುವಾರವೇ ಹೇಳಿತ್ತು. ಅವಳು ಚಪ್ಪಲಿ ಹಾಕಿಕೋ ಎಂದಿದ್ದಳು.

ಬಂಗಾರಮ್ಮನ ಬಲಗೈಯ ಎರಡು ಬೆರಳು ಈಗಲೂ ಪೂರ್ತಿ ಮಡಚುವುದಿಲ್ಲ. ಚೌಡಪ್ಪ ಬೆಳಿಗ್ಗೆ ಎದ್ದು ಒಲೆಗೆ ಕಟ್ಟಿಗೆ ಒಟ್ಟಿ ಅವಳಿಗೆ ನೀರು ಕಾಯಿಸುತ್ತಾನೆ. ಆಮೇಲೆ ಕೂತು ಊರವರ ಹೆಸರುಗಳನ್ನು ಒಂದೊಂದೇ ಅಕ್ಷರ ಹುಡುಕಿ ಟೈಪು ಮಾಡುತ್ತಾನೆ. ಅವಳು ಆ ಕೋಣೆಯೊಳಗೆ ಬರುವುದಿಲ್ಲ. ಹೊಸ್ತಿಲಾಚೆ ನಿಂತು ಎಡಗೈಯಲ್ಲಿ ಕಾಫಿ ಲೋಟ ಚಾಚುತ್ತಾಳೆ.